ಫ್ಯಾನ್ ‘ಡೈರೆಕ್ಟ್’ ಮಾಡಿಸಬೇಡಿ: ಹಳೇ ಕಾರಿನ ರೇಡಿಯೇಟರ್ ಫ್ಯಾನ್ ವೈರಿಂಗ್ ಸರಿಪಡಿಸುವ ಬಗೆ

ಹೆದ್ದಾರಿಯಲ್ಲಿ ಎಂಬತ್ತರ ವೇಗದಲ್ಲಿ ತಣ್ಣಗೆ ಓಡುವ ಕಾರು ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಹತ್ತು ನಿಮಿಷ ನಿಂತರೆ ಕುದಿಯತೊಡಗುತ್ತದೆಯೇ? ಹಾಗಿದ್ದರೆ ಮೊದಲ ಅನುಮಾನ ರೇಡಿಯೇಟರ್ ಫ್ಯಾನಿನ ಮೇಲೆ. ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ, ನಿಂತಾಗ ಆ ಕೆಲಸ ಪೂರ್ತಿ ಫ್ಯಾನಿನದು. ನಿಂತಾಗ ಸರಿಯಿದ್ದು ವೇಗದಲ್ಲಿ ಬಿಸಿಯೇರಿದರೆ ಮಾತ್ರ ಬೇರೆ ಕಡೆ ನೋಡಬೇಕು: ಕಟ್ಟಿಕೊಂಡ ರೇಡಿಯೇಟರ್, ಸೋತ ವಾಟರ್ ಪಂಪ್, ತೆರೆಯದ ಥರ್ಮೋಸ್ಟಾಟ್.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಲ್ಲಿ ಫ್ಯಾನನ್ನು ಎಂಜಿನ್ನೇ ಬೆಲ್ಟ್ ಮೂಲಕ ತಿರುಗಿಸುತ್ತಿತ್ತು, ವೈರಿನ ಮಾತೇ ಇರಲಿಲ್ಲ. 1983ರ ಕೊನೆಯಲ್ಲಿ ಬಂದ ಮಾರುತಿ 800ರಲ್ಲಿ ಎಂಜಿನ್ ಅಡ್ಡಡ್ಡ ಕೂತಿದ್ದರಿಂದ ಫ್ಯಾನಿಗೆ ತನ್ನದೇ ಮೋಟರ್ ಬೇಕಾಯಿತು. ನಮ್ಮ ಕಡೆ ಇವತ್ತಿಗೂ ಓಡುತ್ತಿರುವ ಹಳೇ ಸಣ್ಣ ಕಾರುಗಳೆಲ್ಲ ಹೆಚ್ಚುಕಡಿಮೆ ಇದೇ ಏರ್ಪಾಟಿನವು. ಆ ಮೋಟರುಗಳು ಗಟ್ಟಿ. ಸಾಮಾನ್ಯವಾಗಿ ಕೈಕೊಡುವುದು ಅವುಗಳಿಗೆ ಕರೆಂಟ್ ತರುವ ದಾರಿ: ಸುಟ್ಟ ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಕನೆಕ್ಟರ್), ತುಕ್ಕು ಹಿಡಿದ ಅರ್ತ್, ಇಲಿ ಕಡಿದ ವೈರ್.

ಇಂಥ ಕಾರನ್ನು ಗ್ಯಾರೇಜಿಗೆ ಒಯ್ದರೆ ಬಹಳ ಕಡೆ ಸಿಗುವ ಉತ್ತರ ಒಂದೇ: ‘ಸಾರ್, ಡೈರೆಕ್ಟ್ ಮಾಡಿಬಿಡ್ತೀನಿ.’ ಅಂದರೆ ಎಂಜಿನ್ ಬಿಸಿಯೇರಿದಾಗ ಮಾತ್ರ ಫ್ಯಾನ್ ಹಾಕುವ ಥರ್ಮೋ ಸ್ವಿಚ್ಚನ್ನು ಬಿಟ್ಟು, ಕೀ ತಿರುಗಿಸಿದ ಕೂಡಲೇ ಫ್ಯಾನ್ ಓಡುವಂತೆ ವೈರ್ ಎಳೆಯುವುದು. ಆ ದಿನಕ್ಕೆ ಕಾರು ಕುದಿಯುವುದಿಲ್ಲ, ನಿಜ. ಆದರೆ ಎಂಟು ಹತ್ತು ಆಂಪಿಯರ್ ಕರೆಂಟ್ ಕೀ ಆನ್ ಇರುವಷ್ಟು ಹೊತ್ತೂ ಹಳೆಯ ಇಗ್ನಿಷನ್ ಸ್ವಿಚ್ಚಿನ ಮೂಲಕ ಹರಿಯುತ್ತದೆ, ಮೋಟರಿನ ಬ್ರಷ್ಷು ಬೇಗ ಸವೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕಪ್ಲರನ್ನು ಸುಟ್ಟ ಮೂಲ ದೋಷ ಹಾಗೇ ಉಳಿಯುತ್ತದೆ. ಇದರ ಜೊತೆಗೆ ಥರ್ಮೋಸ್ಟಾಟನ್ನೂ ಕಿತ್ತು ಹಾಕಿದ್ದರೆ ಎಂಜಿನ್ ಸರಿಯಾದ ಬಿಸಿಗೆ ಬರುವುದೇ ಇಲ್ಲ, ಪೆಟ್ರೋಲ್ ಖರ್ಚು ಏರುತ್ತದೆ. ಸರಿಯಾದ ರಿಪೇರಿಗೆ ಬೇಕಾಗುವುದು ಒಂದು ಭಾನುವಾರದ ಬೆಳಗ್ಗೆ ಮತ್ತು ಸ್ವಲ್ಪ ತಾಳ್ಮೆ. ಹಿಂದೆ ವೈರ್ ಮುಟ್ಟಿಲ್ಲದವರೂ ಮಾಡಬಹುದು.

ಹಂತ 1: ಸಾಮಾನು ಹೊಂದಿಸಿಕೊಳ್ಳಿ

ಡಿಜಿಟಲ್ ಮಲ್ಟಿಮೀಟರ್, 10 ಮತ್ತು 12 ಮಿಲಿಮೀಟರ್ ಸ್ಪ್ಯಾನರ್, ಕ್ರಿಂಪಿಂಗ್ ಪ್ಲೈಯರ್, ಲಗ್ಗುಗಳು, ಹೀಟ್ ಶ್ರಿಂಕ್ ಸ್ಲೀವ್, ಉಪ್ಪುಕಾಗದ. 12 ವೋಲ್ಟಿನ ನಾಲ್ಕು ಪಿನ್ ರಿಲೇ, ಅದರ ಸಾಕೆಟ್, 20 ಆಂಪಿಯರಿನ ಹಳದಿ ಬ್ಲೇಡ್ ಫ್ಯೂಸು ಮತ್ತು ಹೋಲ್ಡರ್. ಮೋಟರಿಗೆ ಹೋಗುವ ದಾರಿಗೆ 2.5 ಚದರ ಮಿಲಿಮೀಟರ್ ವೈರ್, ರಿಲೇಯನ್ನು ಎಬ್ಬಿಸುವ ದಾರಿಗೆ 1 ಚದರ ಮಿಲಿಮೀಟರ್ ಸಾಕು. ಮನೆ ವೈರಿಂಗಿನ ತುಂಡನ್ನು ಹಾಕಬೇಡಿ. ಬಾನೆಟ್ಟಿನ ಕೆಳಗಿನ ಕಾವು, ಎಣ್ಣೆ, ಅದುರಾಟಗಳಿಗೆ ಆಟೊ ವೈರೇ ಬೇಕು. ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯಲ್ಲಿ ಇವೆಲ್ಲ ಸಿಗುತ್ತವೆ, ಮೀಟರಿಗೆ ಎಸ್.ಪಿ. ರಸ್ತೆ. ಬೇರೆ ಊರುಗಳಲ್ಲಿ ಆಟೊ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೇಳಿ.

ಇವುಗಳ ಜೊತೆ ಒಂದು ಹಳೇ ಹೆಡ್‌ಲೈಟ್ ಬಲ್ಬನ್ನೂ ಇಟ್ಟುಕೊಳ್ಳಿ. 55 ವಾಟಿನ ಬಲ್ಬು ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ. ಅದು ಏಕೆ ಬೇಕೆಂದು ಮುಂದೆ ಹೇಳುತ್ತೇನೆ.

ಹಂತ 2: ಮೈ ಮರೆಯಬೇಡಿ

ಎಂಜಿನ್ ಪೂರ್ತಿ ತಣ್ಣಗಾಗಲಿ. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆರೆದರೆ ಒತ್ತಡದಲ್ಲಿದ್ದ ಕೂಲೆಂಟ್ ಚಿಮ್ಮಿ ಮುಖ, ಕೈ ಬೇಯುತ್ತದೆ. ಕೆಲವು ಕಾರುಗಳಲ್ಲಿ ಕೀ ತೆಗೆದಿದ್ದರೂ ಫ್ಯಾನ್ ತಾನಾಗಿ ತಿರುಗತೊಡಗಬಹುದು. ಆದ್ದರಿಂದ ಕೈ ಹಾಕುವ ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ. ಕೆಲಸ ಮುಗಿದ ಮೇಲೆ ಅದನ್ನೇ ಕೊನೆಗೆ ಹಾಕಿ. ಉಂಗುರ, ವಾಚು, ಬಳೆ ತೆಗೆದಿಡಿ. ಎಂಜಿನ್ ಓಡಿಸಿ ನೋಡುವ ಹಂತಗಳನ್ನು ಬಯಲಲ್ಲಿ ಮಾಡಿ, ಮುಚ್ಚಿದ ಶೆಡ್ಡಿನಲ್ಲಿ ಖಂಡಿತ ಬೇಡ.

ಹಂತ 3: ಮೋಟರ್ ಬದುಕಿದೆಯೇ?

ನೆಗೆಟಿವ್ ಕಳಚಿದ್ದಾಗ ಫ್ಯಾನನ್ನು ಬೆರಳಿನಿಂದ ತಿರುಗಿಸಿ. ಸಲೀಸಾಗಿ ತಿರುಗಬೇಕು. ಬಿಗಿಯಾಗಿದ್ದರೆ, ಕಿರುಗುಟ್ಟಿದರೆ ಮೋಟರಿನ ಬುಷ್ ಹೋಗಿದೆ. ಅಂಥ ಮೋಟರ್ ಎಳೆಯಬೇಕಾದ್ದಕ್ಕಿಂತ ಹೆಚ್ಚು ಕರೆಂಟ್ ಎಳೆದು ಕಪ್ಲರನ್ನು ಕರಗಿಸುತ್ತದೆ. ಅದನ್ನು ಬದಲಿಸದೆ ವೈರ್ ಬದಲಿಸಿದರೆ ಹೊಸ ವೈರೂ ಸುಡುತ್ತದೆ.

ಸಲೀಸಾಗಿದ್ದರೆ ಮೋಟರಿನ ಕಪ್ಲರ್ ಬಿಡಿಸಿ, ಫ್ಯೂಸ್ ಇರುವ ಎರಡು ವೈರುಗಳಲ್ಲಿ ಬ್ಯಾಟರಿಯಿಂದ ನೇರ ಕರೆಂಟ್ ಕೊಡಿ. ಜೋರಾಗಿ ತಿರುಗಿತೆಂದರೆ ಮೋಟರ್ ಸರಿಯಿದೆ. ಇದೇ ಸಮಯದಲ್ಲಿ ಗಾಳಿಯ ದಿಕ್ಕನ್ನೂ ನೋಡಿಬಿಡಿ. ರೇಡಿಯೇಟರಿನ ಹಿಂದಿರುವ ಫ್ಯಾನ್ ಗಾಳಿಯನ್ನು ಎಂಜಿನ್ನಿನ ಕಡೆಗೆ ಎಳೆಯಬೇಕು. ಮುಂದೆ ಗ್ರಿಲ್ಲಿನ ಬಳಿ ಹಿಡಿದ ಕಾಗದದ ಚೂರು ಒಳಕ್ಕೆ ಅಂಟಿಕೊಳ್ಳಬೇಕು. ಹೊರಕ್ಕೆ ಹಾರಿದರೆ ಪ್ಲಸ್ಸು ಮೈನಸ್ಸು ಅದಲುಬದಲಾಗಿವೆ. ಇಂಥ ಫ್ಯಾನ್ ನೋಡಲು ಚೆನ್ನಾಗಿಯೇ ತಿರುಗುತ್ತಿರುತ್ತದೆ, ಆದರೆ ಎದುರುಗಾಳಿಯ ವಿರುದ್ಧ ಕೆಲಸ ಮಾಡುತ್ತಿರುತ್ತದೆ. ಹಿಂದೆ ಯಾರೋ ಅರ್ಧಂಬರ್ಧ ರಿಪೇರಿ ಮಾಡಿದ ಕಾರುಗಳಲ್ಲಿ ಇದನ್ನು ನೋಡದೆ ಮುಂದೆ ಹೋಗಬೇಡಿ.

ಹಂತ 4: ದಾರಿಯನ್ನು ಬರೆದುಕೊಳ್ಳಿ

ಕಾಗದದ ಮೇಲೆ ಬ್ಯಾಟರಿಯಿಂದ ಶುರುಮಾಡಿ ಫ್ಯೂಸು, ರಿಲೇ, ಮೋಟರ್, ಥರ್ಮೋ ಸ್ವಿಚ್, ಅರ್ತ್ ಹೀಗೆ ವೈರಿನ ಬಣ್ಣದ ಸಮೇತ ಬರೆಯಿರಿ. ಕೆಲವು ಹಳೇ ಕಾರುಗಳಲ್ಲಿ ರಿಲೇಯೇ ಇರುವುದಿಲ್ಲ, ಮೋಟರಿನ ಪೂರ್ತಿ ಕರೆಂಟ್ ಥರ್ಮೋ ಸ್ವಿಚ್ಚಿನ ಮೂಲಕವೇ ಹೋಗುತ್ತದೆ. ಅಂಥವಕ್ಕೆ ರಿಲೇ ಸೇರಿಸುವುದೇ ಈ ಇಡೀ ಕೆಲಸದ ದೊಡ್ಡ ಲಾಭ.

ಹೊಸಬರು ತಪ್ಪುವುದು ಇಲ್ಲಿ: ಎಂಜಿನ್ನಿನ ಹತ್ತಿರ ನೋಡಲು ಒಂದೇ ತರಹದ ಎರಡು ಹಿತ್ತಾಳೆಯ ಸಾಮಾನು ಕಾಣಬಹುದು. ಒಂದು ಡ್ಯಾಶ್‌ಬೋರ್ಡಿನ ಮುಳ್ಳನ್ನು ಆಡಿಸುವ ಸೆನ್ಸರ್, ಇನ್ನೊಂದು ಫ್ಯಾನಿನ ಥರ್ಮೋ ಸ್ವಿಚ್. ನೆಗೆಟಿವ್ ಹಾಕಿ ಕೀ ಆನ್ ಮಾಡಿದ್ದಾಗ ಯಾವುದರ ವೈರ್ ತೆಗೆದರೆ ಮುಳ್ಳು ಅಲುಗಾಡುವುದೋ ಅದು ಸೆನ್ಸರ್, ಅದನ್ನು ಬಿಟ್ಟುಬಿಡಿ. ಇನ್ನು, 2000ದ ಆಸುಪಾಸಿನಿಂದ ಬಂದ ಎಂಪಿಎಫ್‌ಐ ಕಾರುಗಳಲ್ಲಿ ರಿಲೇಯನ್ನು ಸಾಮಾನ್ಯವಾಗಿ ಎಬ್ಬಿಸುವುದು ಎಂಜಿನ್ನಿನ ಕಂಪ್ಯೂಟರಾದ ಇಸಿಯು. ಅವುಗಳ ಸಣ್ಣ ವೈರುಗಳಿಗೆ ಬಲ್ಬು ತಾಗಿಸಬೇಡಿ. ರಿಲೇಯಿಂದ ಮೋಟರಿನವರೆಗಿನ ದಪ್ಪ ವೈರುಗಳನ್ನಷ್ಟೇ ನೋಡಿ, ಉಳಿದದ್ದನ್ನು ಸ್ಕ್ಯಾನರ್ ಇರುವವರಿಗೆ ಬಿಡಿ.

ಹಂತ 5: ಕರೆಂಟ್ ಎಲ್ಲಿ ಸೋರುತ್ತಿದೆ?

ಈ ಹಂತಕ್ಕೆ ಅವಸರ ಬೇಡ. ನೆಗೆಟಿವ್ ಮತ್ತೆ ಹಾಕಿ. ಕಪ್ಲರ್ ಬಿಡಿಸಿ ಮೀಟರ್ ಹಿಡಿದರೆ ಎಷ್ಟೋ ಸಲ 12 ವೋಲ್ಟ್ ತೋರಿಸುತ್ತದೆ, ಆದರೂ ಫ್ಯಾನ್ ತಿರುಗುವುದಿಲ್ಲ. ಕಾರಣ ಇಷ್ಟೇ: ಮೀಟರ್ ಎಳೆಯುವ ಕರೆಂಟ್ ತೀರಾ ಕಡಿಮೆ. ಒಂದೇ ಎಳೆ ಉಳಿದ ವೈರಿನಲ್ಲೂ ಅಷ್ಟು ಹರಿದು ಬರುತ್ತದೆ. ಅದಕ್ಕೇ ಹೆಡ್‌ಲೈಟ್ ಬಲ್ಬು. ಮೋಟರಿನ ಜಾಗದಲ್ಲಿ ಬಲ್ಬನ್ನು ಸಿಕ್ಕಿಸಿ ನೋಡಿ. ಪ್ರಖರವಾಗಿ ಉರಿದರೆ ದಾರಿ ಸರಿಯಿದೆ, ಮಂಕಾದರೆ ಎಲ್ಲೋ ತಡೆಯಿದೆ.

ಇನ್ನೂ ನಿಖರವಾದ ಪರೀಕ್ಷೆಯನ್ನು ಫ್ಯಾನ್ ತಿರುಗುತ್ತಿರುವಾಗ ಮಾಡಬೇಕು. ನಿಧಾನವಾಗಿ ತಿರುಗಿದರೂ ಸರಿ. ಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಒಂದು ಕಡ್ಡಿ ಬ್ಯಾಟರಿಯ ಪ್ಲಸ್ಸಿನಲ್ಲಿ, ಇನ್ನೊಂದು ಮೋಟರಿನ ಪ್ಲಸ್ ಪಿನ್ನಿನಲ್ಲಿ. ಮೀಟರ್ 0.3 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅಷ್ಟು ವೋಲ್ಟೇಜು ದಾರಿಯಲ್ಲೇ ಕಳೆದುಹೋಗುತ್ತಿದೆ ಎಂದರ್ಥ. ಆಮೇಲೆ ಮೋಟರಿನ ಮೈನಸ್ ಪಿನ್ನಿನಿಂದ ಬ್ಯಾಟರಿಯ ಮೈನಸ್ಸಿಗೆ ಹೀಗೇ ಅಳೆಯಿರಿ, ಅಲ್ಲಿ 0.2 ದಾಟಬಾರದು. ಥರ್ಮೋ ಸ್ವಿಚ್ ಮೋಟರಿನ ದಾರಿಯಲ್ಲೇ ಇರುವ ಕಾರಾದರೆ ಅದರ ಎರಡು ತುದಿಗಳ ನಡುವೆಯೂ ಅಳೆಯಬೇಕು. ಹೆಚ್ಚು ಕಂಡ ಕಡೆ ಕಡ್ಡಿಯನ್ನು ಒಂದೊಂದೇ ಜಾಯಿಂಟ್ ಹಿಂದಕ್ಕೆ ಸರಿಸುತ್ತ ಬನ್ನಿ. ಅಂಕಿ ಥಟ್ಟನೆ ಇಳಿಯುವ ಜಾಗದಲ್ಲೇ ದೋಷವಿದೆ.

ಒಂದು ವೋಲ್ಟ್ ಕಳೆದರೇನಂತೆ ಎನ್ನಬೇಡಿ. ಎಂಟು ಆಂಪಿಯರಿನಲ್ಲಿ ಒಂದು ವೋಲ್ಟ್ ಎಂದರೆ ಎಂಟು ವಾಟ್ ಶಾಖ, ಅದೂ ಸಣ್ಣ ಪಿನ್ನೊಂದರ ಮೇಲೆ. ಕಪ್ಲರಿನ ಪ್ಲಾಸ್ಟಿಕ್ ಕಂದಾಗಿ ಕರಗುವುದು ಹೀಗೆ. ಫ್ಯೂಸ್ ಹೋಗದೆಯೇ ಕರಗುತ್ತದೆ, ಏಕೆಂದರೆ ಕರೆಂಟ್ ಮಿತಿ ಮೀರಿರುವುದಿಲ್ಲ.

ಹಂತ 6: ಅರ್ತ್

ನನ್ನ ಅನುಭವದಲ್ಲಿ ಫ್ಯಾನಿನ ದೂರುಗಳಲ್ಲಿ ದೊಡ್ಡ ಪಾಲು ಇಲ್ಲೇ ಮುಗಿಯುತ್ತದೆ. ಮತ್ತೆ ನೆಗೆಟಿವ್ ಕಳಚಿ. ಅರ್ತ್ ವೈರ್ ಬಾಡಿಗೆ ಸೇರುವ ಬೋಲ್ಟ್ ಬಿಚ್ಚಿ, ತಗಡು ಹೊಳೆಯುವವರೆಗೆ ಉಪ್ಪುಕಾಗದದಿಂದ ಉಜ್ಜಿ. ಕರಾವಳಿಯ ಕಾರುಗಳಲ್ಲಿ ಲಗ್ಗಿನೊಳಗೆ ಹಸಿರು ಕಿಲುಬು ವೈರಿನುದ್ದಕ್ಕೂ ಹೋಗಿರುತ್ತದೆ. ಅಲ್ಲಿ ಉಜ್ಜಿದರೆ ಸಾಲದು, ತಾಮ್ರ ಕೆಂಪಗೆ ಕಾಣುವವರೆಗೆ ಕತ್ತರಿಸಿ ಹೊಸ ಲಗ್ ಹಾಕಬೇಕು. ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿ, ಮೇಲೆ ಸ್ವಲ್ಪ ವ್ಯಾಸಲೀನ್ ಬಳಿಯಿರಿ. ಬ್ಯಾಟರಿಯಿಂದ ಬಾಡಿಗೆ, ಎಂಜಿನ್ನಿಗೆ ಬರುವ ದಪ್ಪ ಪಟ್ಟಿಗಳನ್ನೂ ಇದೇ ರೀತಿ ನೋಡಿ.

ಹಂತ 7: ಥರ್ಮೋ ಸ್ವಿಚ್

ಸಾಮಾನ್ಯವಾಗಿ ಇದು 90ರಿಂದ 95 ಡಿಗ್ರಿ ಸೆಲ್ಸಿಯಸ್ಸಿನ ಸುತ್ತ ಕೂಡಿಕೊಂಡು, ಐದಾರು ಡಿಗ್ರಿ ಇಳಿದ ಮೇಲೆ ಬಿಡುತ್ತದೆ. ಎಂಜಿನ್ ಬಿಸಿಯಿದ್ದಾಗ ಸ್ವಿಚ್ಚಿನ ಎರಡು ವೈರುಗಳನ್ನು ಒಂದಕ್ಕೊಂದು ಕೂಡಿಸಿದರೆ ಫ್ಯಾನ್ ಓಡಿ, ಸ್ವಿಚ್ ಹಾಕಿದರೆ ಓಡದಿದ್ದರೆ ಸ್ವಿಚ್ ಸತ್ತಿದೆ. ಒಂದೇ ವೈರಿನ ಸ್ವಿಚ್ಚಾದರೆ ಆ ವೈರನ್ನು ಅರ್ತಿಗೆ ಮುಟ್ಟಿಸಿ ನೋಡಬೇಕು. ಇಂಥ ಸ್ವಿಚ್ ತನ್ನ ಥ್ರೆಡ್ಡಿನಿಂದಲೇ ಅರ್ತ್ ಪಡೆಯುತ್ತದೆ, ಹಾಗಾಗಿ ಅದಕ್ಕೆ ಟೆಫ್ಲಾನ್ ಟೇಪ್ ಸುತ್ತಬೇಡಿ.

ಖಚಿತ ಮಾಡಿಕೊಳ್ಳಲು ಅದನ್ನು ಬಿಚ್ಚಿ, ತುದಿ ಮಾತ್ರ ಮುಳುಗುವಂತೆ ನೀರಿನ ಪಾತ್ರೆಯಲ್ಲಿ ತೂಗುಬಿಟ್ಟು ಕಾಯಿಸಿ, ಮೀಟರಿನ ಬಝರಿಗೆ ಕಿವಿಗೊಡಿ. ಬೆಂಗಳೂರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಮಡಿಕೇರಿಯಲ್ಲಿ ಇನ್ನೂ ಕಡಿಮೆಗೆ. ಆದ್ದರಿಂದ ಇಲ್ಲಿ 95ರ ಸ್ವಿಚ್ ಬಝರ್ ಹೊಡೆಯುವುದು ನೀರು ಕುದಿಯುವ ಹೊತ್ತಿಗೇ. ಅವಸರಪಟ್ಟು ಒಳ್ಳೆಯ ಸ್ವಿಚ್ಚನ್ನು ಎಸೆಯಬೇಡಿ. ಮರಳಿ ಹಾಕುವಾಗ ಹೊಸ ವಾಷರ್ ಹಾಕಿ, ಅತಿಯಾಗಿ ಬಿಗಿಯಬೇಡಿ. ಚೆಲ್ಲಿದಷ್ಟು ಕೂಲೆಂಟ್ ತುಂಬಿಸಿ ಗಾಳಿ ಹೊರಹಾಕಿ. ಸ್ವಿಚ್ಚಿನ ಬಳಿ ಗಾಳಿ ನಿಂತರೆ ಅದಕ್ಕೆ ಬಿಸಿ ತಟ್ಟುವುದಿಲ್ಲ. ಬೋರ್‌ವೆಲ್ ನೀರು ಸುರಿಯಬೇಡಿ, ಸುಣ್ಣ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್ ಸೇರಿಸಿದ ಕೂಲೆಂಟೇ ಇರಲಿ.

ಹಂತ 8: ರಿಲೇ ಜೋಡಣೆ

ರಿಲೇ ಎಂದರೆ ತೂಬಿನ ಬಾಗಿಲಿದ್ದಂತೆ: ಸಣ್ಣ ಬಲದಿಂದ ಎತ್ತಿದರೆ ದೊಡ್ಡ ಹರಿವು ಬಿಡುತ್ತದೆ. ಅದರ ಸುರುಳಿ ಎಳೆಯುವುದು ಸುಮಾರು 0.15 ಆಂಪಿಯರ್ ಅಷ್ಟೇ, ಹಾಗಾಗಿ ಥರ್ಮೋ ಸ್ವಿಚ್ ವರ್ಷಗಟ್ಟಲೆ ಬಾಳುತ್ತದೆ.

ಪಿನ್ನುಗಳ ಪಕ್ಕ ಅಂಕಿ ಅಚ್ಚಾಗಿರುತ್ತದೆ. ಬ್ಯಾಟರಿ ಪ್ಲಸ್ಸಿನಿಂದ ದಪ್ಪ ವೈರ್ ಫ್ಯೂಸಿನ ಮೂಲಕ 30ಕ್ಕೆ. ಫ್ಯೂಸು ಬ್ಯಾಟರಿಯಿಂದ ಒಂದು ಗೇಣಿನೊಳಗೇ ಇರಬೇಕು. ದೂರವಿದ್ದರೆ ಅಲ್ಲಿಯವರೆಗಿನ ವೈರಿಗೆ ರಕ್ಷಣೆಯೇ ಇರುವುದಿಲ್ಲ. 87ರಿಂದ ದಪ್ಪ ವೈರ್ ಮೋಟರಿನ ಪ್ಲಸ್ಸಿಗೆ, ಮೋಟರಿನ ಮೈನಸ್ ಬಾಡಿ ಅರ್ತಿಗೆ. 86ಕ್ಕೆ ಕೀ ಆನ್ ಮಾಡಿದಾಗ ಮಾತ್ರ ಕರೆಂಟ್ ಬರುವ, ಫ್ಯೂಸ್ ಇರುವ ಸಣ್ಣ ವೈರ್. 85ರಿಂದ ಥರ್ಮೋ ಸ್ವಿಚ್ಚಿಗೆ, ಅಲ್ಲಿಂದ ಅರ್ತಿಗೆ. ಅಂಗಡಿಯವರು ಐದು ಪಿನ್ನಿನ ರಿಲೇ ಕೊಟ್ಟರೆ ನಡುವಿನ 87ಎ ಖಾಲಿ ಬಿಡಿ. ಮೋಟರನ್ನು ಅದಕ್ಕೆ ಸೇರಿಸಿದರೆ ಕೀ ತೆಗೆದ ಮೇಲೂ ಫ್ಯಾನ್ ಓಡಿ ರಾತ್ರಿಯೊಳಗೆ ಬ್ಯಾಟರಿ ಬರಿದಾಗುತ್ತದೆ.

ಜಾಯಿಂಟುಗಳನ್ನು ತಿರುಚಿ ಟೇಪ್ ಸುತ್ತಬೇಡಿ. ಕಾವಿಗೆ ಅಂಟು ಜಾರಿ ಟೇಪ್ ಬಿಚ್ಚಿಕೊಳ್ಳುತ್ತದೆ. ಕ್ರಿಂಪ್ ಮಾಡಿ, ಎಳೆದು ನೋಡಿ, ಸ್ಲೀವ್ ಏರಿಸಿ. ರಿಲೇಯನ್ನು ಪಿನ್ನುಗಳು ಕೆಳಮುಖವಾಗುವಂತೆ ಕೂರಿಸಿದರೆ ಮಳೆನೀರು ನಿಲ್ಲುವುದಿಲ್ಲ. ವೈರುಗಳು ಎಕ್ಸಾಸ್ಟಿನಿಂದ, ಫ್ಯಾನ್ ರೆಕ್ಕೆಯಿಂದ ದೂರವಿರಲಿ.

ಆಗುಂಬೆ, ಚಾರ್ಮಾಡಿ ಹತ್ತುವವರಿಗೆ ಒಂದು ಸಲಹೆ: 85ರಿಂದ ಇನ್ನೊಂದು ಸಣ್ಣ ವೈರನ್ನು ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ತಂದು, ಅಲ್ಲಿಂದ ಅರ್ತ್ ಮಾಡಿ. ಥರ್ಮೋ ಸ್ವಿಚ್ ಘಾಟಿಯ ನಡುವೆ ಕೈಕೊಟ್ಟರೂ ಕೂತಲ್ಲಿಂದಲೇ ಫ್ಯಾನ್ ಹಾಕಬಹುದು.

ಹಂತ 9: ಓಡಿಸಿ ನೋಡಿ

ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಎಸಿ ಆಫ್. ಎಂಜಿನ್ ನಿಂತಲ್ಲೇ ಓಡಲಿ. ಮುಳ್ಳು ನಡುವಿಗಿಂತ ತುಸು ಮೇಲೆ ಹೋದಾಗ ಫ್ಯಾನ್ ಶುರುವಾಗಬೇಕು, ಕೆಲ ಹೊತ್ತಿನಲ್ಲಿ ತಾನೇ ನಿಲ್ಲಬೇಕು, ಮತ್ತೆ ಬರಬೇಕು. ಮುಳ್ಳು ಕೆಂಪು ಗೆರೆ ಸಮೀಪಿಸಿದರೂ ಬಾರದಿದ್ದರೆ ಎಂಜಿನ್ ನಿಲ್ಲಿಸಿ. ಹೆಡ್ ಗ್ಯಾಸ್ಕೆಟ್ ಸುಟ್ಟರೆ ಆ ಖರ್ಚಿನ ಮುಂದೆ ಈ ವೈರಿಂಗ್ ಏನೂ ಅಲ್ಲ. ಎರಡು ಮೂರು ಸುತ್ತು ಆದ ಮೇಲೆ ಎಂಜಿನ್ ನಿಲ್ಲಿಸಿ, ಕಪ್ಲರ್, ಫ್ಯೂಸ್ ಹೋಲ್ಡರುಗಳನ್ನು ಬೆರಳಲ್ಲಿ ಮುಟ್ಟಿ. ಬೆಚ್ಚಗಿದ್ದರೆ ಸರಿ. ಹಿಡಿಯಲಾಗದಷ್ಟು ಸುಡುತ್ತಿದ್ದರೆ ಐದನೇ ಹಂತಕ್ಕೆ ವಾಪಸ್ ಹೋಗಿ.

ಫ್ಯೂಸು ಪದೇ ಪದೇ ಹೋದರೆ 30 ಆಂಪಿಯರಿನ ಹಸಿರು ಫ್ಯೂಸು ಹಾಕಬೇಡಿ, ತಂತಿ ಸುತ್ತಲಂತೂ ಬೇಡ. ಬಾನೆಟ್ಟಿನೊಳಗೆ ಬೆಂಕಿ ಹೊತ್ತುವುದು ಹಾಗೆ. ಮೋಟರ್ ಬಿಗಿಯಾಗಿದೆಯೇ, ವೈರ್ ಎಲ್ಲಾದರೂ ಬಾಡಿಗೆ ತಾಗುತ್ತಿದೆಯೇ ಹುಡುಕಿ.

ಕೊನೆಯದಾಗಿ, ನೀವು ಬರೆದುಕೊಂಡ ನಕ್ಷೆಯನ್ನು ಹೊಸ ವೈರಿನ ಬಣ್ಣಗಳ ಸಮೇತ ತಿದ್ದಿ, ಒಂದು ರಿಲೇ ಮತ್ತು ಎರಡು ಹಳದಿ ಫ್ಯೂಸುಗಳ ಜೊತೆ ಗ್ಲೋವ್ ಬಾಕ್ಸಿನಲ್ಲಿಡಿ. ಮುಂದೆ ಕಾರನ್ನು ಯಾವ ಎಲೆಕ್ಟ್ರಿಷಿಯನ್ನಿನ ಕೈಗೆ ಕೊಟ್ಟರೂ ಮೊದಲು ಆ ಕಾಗದವನ್ನು ತೋರಿಸಿ.