ಶಸ್ತ್ರಚಿಕಿತ್ಸೆಯ ದಿನ ಮತ್ತು ಸರದಿ: ದಂಪತಿಗಳು ತಿಳಿದಿರಬೇಕಾದ ಸಂಗತಿಗಳು

ತಿಕೋಟಾ ಕಡೆಯ ಹಳ್ಳಿಯೊಂದರ ರೈತ ದಂಪತಿಗಳ ಪ್ರಸಂಗವೊಂದನ್ನು ಊಹಿಸಿಕೊಳ್ಳೋಣ. ಪತ್ನಿಯು ತುಂಬು ಗರ್ಭಿಣಿ. ಮೊದಲ ಹೆರಿಗೆ ಸಿಸೇರಿಯನ್ ಶಸ್ತ್ರಚಿಕಿತ್ಸೆಯಿಂದ ಆಗಿದ್ದುದರಿಂದ, ಈ ಸಲವೂ ವೈದ್ಯರು ಮುಂಚಿತವಾಗಿಯೇ ದಿನವನ್ನು ಗೊತ್ತುಪಡಿಸಿ, ಬರುವಾಗ ಏನನ್ನೂ ತಿನ್ನಕೂಡದೆಂದು ತಿಳಿಸಿದ್ದಾರೆ. ದಂಪತಿಗಳು ಮುಂಜಾನೆಯ ಬಸ್ಸಿನಲ್ಲಿ ವಿಜಯಪುರಕ್ಕೆ ಬರುತ್ತಾರೆ. ಸ್ಟೇಷನ್ ರಸ್ತೆಯಲ್ಲಿ, ಗೋಲಗುಮ್ಮಟದ ಸಮೀಪ, ಪತ್ನಿ ಹಸಿದಿರುವಳೆಂಬ ಕನಿಕರದಿಂದ ಪತಿಯು ಅವಲಕ್ಕಿ ಮತ್ತು ಹಾಲು ಬೆರೆಸಿದ ಚಹಾ ಕೊಡಿಸುತ್ತಾನೆ. ಆಸ್ಪತ್ರೆಯಲ್ಲಿ ದಾದಿಯು ವಿಚಾರಿಸಿದಾಗ ಸಂಗತಿ ಹೊರಬೀಳುತ್ತದೆ. ಚಿಕಿತ್ಸೆಯು ಮರುದಿನಕ್ಕೆ ಹೋಗುತ್ತದೆ. "ಬಡವರೆಂದು ನಮ್ಮನ್ನು ಅಲೆಸುತ್ತಿದ್ದಾರೆ" ಎಂದು ಪತಿಯು ನೊಂದುಕೊಳ್ಳುತ್ತಾನೆ.

ಪತಿಯ ಪ್ರೀತಿಯಲ್ಲಿ ದೋಷವಿಲ್ಲ. ವೈದ್ಯರ ನಿರ್ಧಾರದಲ್ಲಿಯೂ ದೋಷವಿಲ್ಲ. ಶಸ್ತ್ರಚಿಕಿತ್ಸೆಯ ದಿನ ಮತ್ತು ಸರದಿಗಳು ಚಿಕಿತ್ಸೆಯ ಅಂಗಗಳೇ ಆಗಿವೆ ಎಂಬುದು ತಿಳಿಯದೆ ಇದ್ದುದೇ ಈ ತೊಂದರೆಗೆ ಕಾರಣ.

ದಿನವನ್ನು ಗೊತ್ತುಪಡಿಸುವುದೇಕೆ?

ಹಿಂಗಾರಿ ಬಿತ್ತನೆಗೆ ಎತ್ತು, ಕೂರಿಗೆ, ಬೀಜ ಮತ್ತು ನೆಲದ ಹದ ಒಂದೇ ದಿನ ಕೂಡಿಬರಬೇಕು. ಒಂದು ತಪ್ಪಿದರೂ ಉಳಿದವು ನಿಷ್ಪ್ರಯೋಜಕ. ಶಸ್ತ್ರಚಿಕಿತ್ಸೆಯೂ ಅಂತೆಯೇ. ಶಸ್ತ್ರವೈದ್ಯರು, ಅರಿವಳಿಕೆ ತಜ್ಞರು, ದಾದಿಯರು, ಹೊಂದುವ ಗುಂಪಿನ ರಕ್ತ, ಶುದ್ಧೀಕರಿಸಿದ ಉಪಕರಣಗಳು, ಚಿಕಿತ್ಸೆಯ ನಂತರ ಮಲಗಲು ಹಾಸಿಗೆ ಇವೆಲ್ಲವೂ ಒಂದೇ ಹೊತ್ತಿಗೆ ಸಿದ್ಧವಿರಬೇಕು. ಉಪಕರಣಗಳನ್ನು 121 ಡಿಗ್ರಿ ಶಾಖದ ಒತ್ತಡದ ಹಬೆಯಲ್ಲಿ ಸುಮಾರು ಅರ್ಧ ಗಂಟೆ ಇಟ್ಟು, ಬಳಿಕ ಒಣಗಿಸಿ ತಣಿಸಬೇಕು. ಇದನ್ನು ಅವಸರಪಡಿಸುವಂತಿಲ್ಲ.

ಉಪವಾಸಕ್ಕೂ ಕಾರಣವಿದೆ. ಅರಿವಳಿಕೆಯ ಸಮಯದಲ್ಲಿ ಹೊಟ್ಟೆಯಲ್ಲಿರುವ ಆಹಾರವು ಮೇಲಕ್ಕೆ ಬಂದು ಶ್ವಾಸಕೋಶವನ್ನು ಸೇರಿದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಲಘು ಆಹಾರವನ್ನು ಕನಿಷ್ಠ 6 ಗಂಟೆ ಮೊದಲು, ಎಣ್ಣೆ ಜಿಡ್ಡಿನ ಊಟವನ್ನು 8 ಗಂಟೆ ಮೊದಲು ನಿಲ್ಲಿಸತಕ್ಕದ್ದು. ಹಾಲಿನ ಚಹಾ ಸಹ ಆಹಾರವೇ. ವೈದ್ಯರು ಬೇರೆ ರೀತಿ ಹೇಳದಿದ್ದಲ್ಲಿ ಬರಿಯ ನೀರನ್ನು 2 ಗಂಟೆ ಮೊದಲಿನವರೆಗೆ ಕುಡಿಯಬಹುದು.

ಸರದಿಯು ಬದಲಾಗುವುದೇಕೆ?

ಮೊದಲು ಬಂದವರಿಗೆ ಮೊದಲು ಚಿಕಿತ್ಸೆ ಎಂಬ ನಿಯಮವು ಶಸ್ತ್ರಚಿಕಿತ್ಸೆಗೆ ಪೂರ್ಣವಾಗಿ ಅನ್ವಯಿಸದು. ಮಧುಮೇಹವುಳ್ಳವರು ಹೆಚ್ಚು ಹೊತ್ತು ಉಪವಾಸವಿರಲಾರರಾದ್ದರಿಂದ ಅವರನ್ನು ಸಾಮಾನ್ಯವಾಗಿ ಮೊದಲು ಕರೆಯುವರು. ಕೀವು ತುಂಬಿದ ಗಾಯಗಳನ್ನು ಕೊನೆಗೆ ಇಡುವರು. ರಕ್ತಸ್ರಾವವಾಗುತ್ತಿರುವ ಗರ್ಭಿಣಿಯೊಬ್ಬಳು ಬಂದಲ್ಲಿ ಇಡೀ ಪಟ್ಟಿಯೇ ಹಿಂದೆ ಸರಿಯುತ್ತದೆ. ಇಂದು ನಿಮ್ಮ ಸರದಿಯನ್ನು ಪಡೆದ ಆ ತಾಯಿಯ ಸ್ಥಾನದಲ್ಲಿ ನಾಳೆ ನಿಮ್ಮ ಮನೆಯವರೇ ಇರಬಹುದು.

ವೇಗಕ್ಕೊಂದು ಮಿತಿ

ಹಿಂದಿನ ಅವಿಭಜಿತ ಬಿಜಾಪುರ ಜಿಲ್ಲೆಯ ಬೀಳಗಿಯಲ್ಲಿ 1916ರಲ್ಲಿ ಜನಿಸಿದ ನೇತ್ರತಜ್ಞ ಡಾ. ಎಂ. ಸಿ. ಮೋದಿಯವರು ಒಂದೇ ದಿನದಲ್ಲಿ 833 ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗಳನ್ನು ನಡೆಸಿದರೆಂದು ಪ್ರಸಿದ್ಧರು. ನುರಿತ ಸಹಾಯಕರ ಪಡೆಯೊಂದಿಗೆ ಕೆಲಸವನ್ನು ಅಚ್ಚುಕಟ್ಟಾಗಿ ಹಂಚಿಕೊಂಡದ್ದರ ಫಲವದು. ಆದರೆ ಕಣ್ಣಿಗೆ ಒಪ್ಪಿದ ಆ ಕ್ರಮವು ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಒಪ್ಪದು.

2014ರ ನವೆಂಬರ್ ತಿಂಗಳಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರ ಜಿಲ್ಲೆಯ ಒಂದು ಶಿಬಿರದಲ್ಲಿ ಒಂದೇ ದಿನ 83 ಮಹಿಳೆಯರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಲಾಯಿತು. ನಿಯಮದ ಪ್ರಕಾರ ಒಂದು ತಂಡವು ದಿನಕ್ಕೆ 30ನ್ನು ಮೀರಬಾರದಿತ್ತು. ಆ ಜಿಲ್ಲೆಯ ಶಿಬಿರಗಳಲ್ಲಿ ಚಿಕಿತ್ಸೆ ಪಡೆದವರ ಪೈಕಿ ಹದಿಮೂರು ಮಂದಿ ತಾಯಂದಿರು ಮೃತರಾದರು. ಸಾವಿಗೆ ಔಷಧಿಯ ದೋಷವೋ ಸೋಂಕೋ ಎಂಬ ಚರ್ಚೆ ನಡೆಯಿತು; ಆದರೆ ಮಿತಿಯನ್ನು ಮೀರಿದುದರಲ್ಲಿ ಸಂದೇಹವಿರಲಿಲ್ಲ. 2016ರ ಸೆಪ್ಟೆಂಬರ್ 14ರಂದು ಸರ್ವೋಚ್ಚ ನ್ಯಾಯಾಲಯವು ಇಂತಹ ಶಿಬಿರಗಳನ್ನು ಮೂರು ವರ್ಷಗಳೊಳಗೆ ನಿಲ್ಲಿಸುವಂತೆ ಆದೇಶಿಸಿತು. ಆದ್ದರಿಂದ "ಇಂದಿನ ಪಟ್ಟಿ ತುಂಬಿದೆ, ಬೇರೊಂದು ದಿನ ಬನ್ನಿ" ಎಂಬ ಮಾತು ನಿಮ್ಮ ರಕ್ಷಣೆಗಾಗಿಯೂ ಇರಬಹುದೆಂದು ತಿಳಿಯಿರಿ.

ಹೆಸರನ್ನು ಮತ್ತೆ ಮತ್ತೆ ಕೇಳುವುದೂ ರಕ್ಷಣೆಗಾಗಿಯೇ. ವಿಶ್ವ ಆರೋಗ್ಯ ಸಂಸ್ಥೆಯು 19 ಅಂಶಗಳ ತಪಾಸಣಾ ಪಟ್ಟಿಯೊಂದನ್ನು ರೂಪಿಸಿದೆ. ದೆಹಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಅದನ್ನು ಪಾಲಿಸಿದಾಗ ಮರಣದ ಪ್ರಮಾಣವು ಶೇಕಡಾ 1.5ರಿಂದ 0.8ಕ್ಕೆ ಇಳಿಯಿತೆಂದು 2009ರಲ್ಲಿ ವರದಿಯಾಯಿತು.

ದಂಪತಿಗಳ ಪಾಲಿನ ಕೆಲಸ

1. ಗರ್ಭಿಣಿಯು ಪ್ರತಿ ತಿಂಗಳ 9ರಂದು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ನಡೆಯುವ ತಪಾಸಣೆಗೆ ಹೋಗತಕ್ಕದ್ದು. ರಕ್ತಹೀನತೆಯು ಮೊದಲೇ ತಿಳಿದರೆ ಗುಣಪಡಿಸಲು ಕಾಲಾವಕಾಶ ದೊರೆಯುತ್ತದೆ.

2. ತಾಯಿ ಕಾರ್ಡು, ಹಳೆಯ ಚೀಟಿಗಳು ಹಾಗೂ ಸೇವಿಸುತ್ತಿರುವ ಔಷಧಿಗಳನ್ನು ಒಂದೇ ಚೀಲದಲ್ಲಿಟ್ಟು ತರಬೇಕು.

3. ಕೊನೆಯ ಬಾರಿ ಏನನ್ನು, ಎಷ್ಟು ಗಂಟೆಗೆ ಸೇವಿಸಿದಿರೆಂಬುದನ್ನು ಮುಚ್ಚಿಡಕೂಡದು.

4. ರಕ್ತ ನೀಡಬಲ್ಲ ಬಂಧುಗಳೊಡನೆ ಮುಂಚಿತವಾಗಿಯೇ ಮಾತನಾಡಿರಬೇಕು.

5. ಚಿಕಿತ್ಸೆ ಮುಂದಕ್ಕೆ ಹೋದಲ್ಲಿ ಕಾರಣವನ್ನೂ ಹೊಸ ದಿನಾಂಕವನ್ನೂ ಕೇಳಿ ಬರೆಸಿಕೊಳ್ಳಬೇಕು. ಇದು ನಿಮ್ಮ ಹಕ್ಕು.

ಮಕ್ಕಳು ಸಾಕೆಂದು ಇಬ್ಬರೂ ನಿಶ್ಚಯಿಸಿದ್ದಲ್ಲಿ ಪತಿಯೂ ಮುಂದೆ ಬರಬಹುದು. ಪುರುಷರ ಚಿಕಿತ್ಸೆಯು ಹೆಚ್ಚು ಸರಳ, ಹೊಟ್ಟೆಯನ್ನು ತೆರೆಯಬೇಕಾಗಿಲ್ಲ. ಆದರೆ ನಂತರ ಮೂರು ತಿಂಗಳು, ವೀರ್ಯ ಪರೀಕ್ಷೆಯಾಗುವವರೆಗೆ, ಬೇರೆ ಸಾಧನವನ್ನು ಬಳಸಲೇಬೇಕು.

ಕಾಯಬಾರದ ಸಂದರ್ಭ

ಮೇಲಿನ ದಂಪತಿಗಳು ಸಿಟ್ಟಿನಿಂದ ಊರಿಗೆ ಮರಳಿದ್ದರೆ? ಹಿಂದೆ ಸಿಸೇರಿಯನ್ ಆದ ತಾಯಿಗೆ ಮನೆಯಲ್ಲಿ ನೋವು ಆರಂಭವಾದರೆ ಗರ್ಭಕೋಶದ ಹಳೆಯ ಹೊಲಿಗೆಯ ಜಾಗವು ಬಿರಿಯುವ ಸಂಭವವಿದೆ. ಅದರಿಂದ ತಾಯಿ ಮತ್ತು ಮಗು ಇಬ್ಬರಿಗೂ ಅಪಾಯ. ನೋವು, ರಕ್ತಸ್ರಾವ, ನೀರು ಹೋಗುವುದು ಅಥವಾ ಮಗುವಿನ ಚಲನೆ ಕಡಿಮೆಯಾಗುವುದು ಕಂಡಲ್ಲಿ ಗೊತ್ತಾದ ದಿನಕ್ಕಾಗಿ ಕಾಯದೆ ತಕ್ಷಣ 108ಕ್ಕೆ ಕರೆ ಮಾಡಿರಿ. ಆಗ ಸರದಿಯ ಮಾತೇ ಇಲ್ಲ.

ದಾದಿಯು ಇದನ್ನೆಲ್ಲ ಶಾಂತವಾಗಿ ವಿವರಿಸಿದುದರಿಂದ ನಮ್ಮ ದಂಪತಿಗಳು ಆ ರಾತ್ರಿ ಆಸ್ಪತ್ರೆಯಲ್ಲಿಯೇ ಉಳಿದರು. ಮರುದಿನ ಬೆಳಿಗ್ಗೆ ಪತ್ನಿಯು ಬರಿ ಹೊಟ್ಟೆಯಲ್ಲಿ, ಧೈರ್ಯದಿಂದ, ತನ್ನ ಸರದಿಗೆ ಸಿದ್ಧಳಾಗಿದ್ದಳು.

ನೀವೇ ಉತ್ತರಿಸಿ

1. ಹಾಲಿನ ಚಹಾ ಕುಡಿದರೆ ಚಿಕಿತ್ಸೆಯನ್ನು ಮುಂದೂಡುವುದೇಕೆ?
2. ನಿಮ್ಮ ಸರದಿಯು ಹಿಂದೆ ಸರಿಯಲು ಯಾವ ಕಾರಣಗಳಿರಬಹುದು?
3. ಯಾವ ಚಿಹ್ನೆಗಳು ಕಂಡಾಗ ಗೊತ್ತಾದ ದಿನಕ್ಕಾಗಿ ಕಾಯಬಾರದು?