ಓಟಿಪಿಯೇ ಇಲ್ಲದ ಕಳ್ಳತನ

ಅಪ್ಪನಿಗೆ ಫೇಸ್‌ಬುಕ್ ಇಲ್ಲ, ಮೊಬೈಲ್ ಬ್ಯಾಂಕಿಂಗ್ ಇಲ್ಲ. ಎಟಿಎಂ ಕಾರ್ಡು ಬಂದ ಲಕೋಟೆಯನ್ನು ಒಡೆಯದೆ ಬೀರುವಿನಲ್ಲಿಟ್ಟಿದ್ದಾರೆ. ‘ಬ್ಯಾಂಕಿನಿಂದ ಮಾತಾಡ್ತಿದ್ದೀವಿ’ ಎಂದು ಯಾರಾದರೂ ಫೋನ್ ಮಾಡಿದರೆ ಮುಂದಿನ ಮಾತಿಗೆ ಅವಕಾಶವನ್ನೇ ಕೊಡದ ನಿವೃತ್ತ ಗಣಿತ ಮೇಷ್ಟ್ರು ಅವರು. ತುಮಕೂರಿನಲ್ಲಿ ಎಲ್ಲರಿಗಿಂತ ಎಚ್ಚರವಾಗಿದ್ದ ಈ ಮನುಷ್ಯನ ಪಿಂಚಣಿ ಖಾತೆಯಿಂದ ಒಂದು ಬೆಳಿಗ್ಗೆ 10,000 ರೂಪಾಯಿ ಹೋಯಿತು. ಮರುದಿನ ಮತ್ತೆ 10,000.

ಪಾಸ್‌ಬುಕ್ ಹಿಡಿದು ಅಪ್ಪ ಅಮ್ಮ ಇಬ್ಬರೂ ಬ್ಯಾಂಕಿಗೆ ಹೋದರು. ಮ್ಯಾನೇಜರ್ ತಲೆ ಎತ್ತದೆ ಕೇಳಿದ್ದು ಒಂದೇ ಪ್ರಶ್ನೆ: ‘ಓಟಿಪಿ ಯಾರಿಗೆ ಹೇಳಿದ್ರಿ ಯಜಮಾನ್ರೇ?’ ಓಟಿಪಿ ಬಂದೇ ಇಲ್ಲ ಎಂದರು ಅಪ್ಪ. ‘ಬರದೆ ದುಡ್ಡು ಹೋಗಲ್ಲ. ಸರಿಯಾಗಿ ನೆನಪು ಮಾಡ್ಕೊಳ್ಳಿ.’ ಅಪ್ಪ ಫೋನನ್ನೇ ಮೇಜಿನ ಮೇಲಿಟ್ಟರು. ಹಣ ಕಡಿತವಾದ ಎರಡು ಸಂದೇಶ ಬಿಟ್ಟರೆ ಅದರಲ್ಲಿ ಬೇರೇನೂ ಇರಲಿಲ್ಲ. ‘ಹಾಗಾದ್ರೆ ಡಿಲೀಟ್ ಮಾಡಿದ್ದೀರಿ’ ಎಂಬ ತೀರ್ಪು ಬಂತು. ಸಾಲಿನಲ್ಲಿ ನಿಂತಿದ್ದವರೆಲ್ಲ ತಿರುಗಿ ನೋಡುತ್ತಿದ್ದರು. ವಯಸ್ಸಾದವರ ಕೈಗೆ ಮೊಬೈಲ್ ಕೊಡಬಾರದು ಎಂದು ಒಬ್ಬರು ಅಮ್ಮನಿಗೇ ಬುದ್ಧಿ ಹೇಳಿದರು. ಜೀವಮಾನವಿಡೀ ಬೇರೆಯವರ ಲೆಕ್ಕ ತಿದ್ದಿದ ಅಪ್ಪ, ಮಗನ ವಯಸ್ಸಿನ ಅಧಿಕಾರಿಯ ಮುಂದೆ ಸುಳ್ಳುಗಾರನಂತೆ ನಿಂತಿದ್ದರು. ಮೊದಲು ಖಾತೆ ನಿಲ್ಲಿಸಿ ಎಂದು ಬೇಡಿಕೊಂಡರೆ, ‘ಅರ್ಜಿ ಬರೆದುಕೊಡಿ, ನೋಡೋಣ’ ಎಂದರು. ಅರ್ಜಿಗೆ ಮೊಹರು ಬೀಳುವ ಮೊದಲೇ, ಅದೇ ಮೇಜಿನ ಮೇಲೆ ಅಪ್ಪನ ಫೋನ್ ಸದ್ದು ಮಾಡಿತು. ಮೂರನೇ 10,000 ಹೋಗಿತ್ತು.

ಅಮ್ಮ ಅಲ್ಲೇ ಕುಸಿದು ಕೂತರು. ಮ್ಯಾನೇಜರ್‌ ಆಗಲೂ ಕೇಳಿದ್ದು ಓಟಿಪಿಯನ್ನೇ.

ಮೂರೂ ಸಂದೇಶಗಳಲ್ಲಿ ‘ಎಇಪಿಎಸ್’ ಎಂಬ ನಾಲ್ಕು ಅಕ್ಷರಗಳಿದ್ದವು. ಬ್ಯಾಂಕಿನಲ್ಲಿ ಕೂತವರಿಗೆ ಅಷ್ಟು ಸಾಕಾಗಬೇಕಿತ್ತು. ಆಧಾರ್ ಆಧಾರಿತ ಪಾವತಿ ವ್ಯವಸ್ಥೆ ಅದು. ಬ್ಯಾಂಕ್ ಶಾಖೆ ಇಲ್ಲದ ಹಳ್ಳಿಯಲ್ಲಿ ಬ್ಯಾಂಕ್ ಮಿತ್ರನ ಪುಟ್ಟ ಯಂತ್ರದ ಮೇಲೆ ಹೆಬ್ಬೆಟ್ಟೊತ್ತಿ ಕೂಲಿ ಹಣ, ಪಿಂಚಣಿ ಪಡೆಯಲೆಂದು ಮಾಡಿದ್ದು. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಇದ್ದರೆ ಮುಗಿಯಿತು. ಓಟಿಪಿ ಕೇಳುವುದಿಲ್ಲ, ಪಿನ್ನೂ ಬೇಡ. ಬಡವರಿಗೆ ಇದರಿಂದ ದೊಡ್ಡ ಉಪಕಾರವಾಗಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಪಾಸ್‌ವರ್ಡ್ ಕದ್ದರೆ ಬದಲಾಯಿಸಬಹುದು, ಹೆಬ್ಬೆರಳನ್ನು ಬದಲಾಯಿಸುವುದು ಹೇಗೆ?

ಅಪ್ಪನ ಬೆರಳಚ್ಚು ಹೊರಗೆ ಹೋದದ್ದು ಎಲ್ಲಿಂದ? ಕೆಲವು ತಿಂಗಳ ಹಿಂದೆ ಅವರೊಂದು ಸೈಟು ಮಾರಿದ್ದರು. 2001ರ ತಿದ್ದುಪಡಿಯಲ್ಲಿ ನೋಂದಣಿ ಕಾಯ್ದೆಗೆ ಸೇರಿದ 32ಎ ಕಲಮಿನ ಪ್ರಕಾರ ಕೊಡುವವರು, ಕೊಳ್ಳುವವರು ಇಬ್ಬರ ಭಾವಚಿತ್ರವೂ ಬೆರಳಚ್ಚೂ ಪತ್ರದ ಮೇಲಿರಬೇಕು. ಅದೇ ಪತ್ರದಲ್ಲಿ ಆಧಾರ್ ಸಂಖ್ಯೆಯನ್ನೂ ಬರೆದಿದ್ದರು. 1908ರ ಈ ಕಾಯ್ದೆಯ 57ನೇ ಕಲಮು ಸ್ಥಿರಾಸ್ತಿಯ ದಾಖಲೆಯನ್ನು ಯಾರು ಬೇಕಾದರೂ ಅರ್ಜಿ ಹಾಕಿ ನೋಡಬಹುದು, ನಕಲು ಪಡೆಯಬಹುದು ಎನ್ನುತ್ತದೆ. ಒಂದೇ ಜಾಗವನ್ನು ಇಬ್ಬರಿಗೆ ಮಾರುವ ಮೋಸ ತಡೆಯಲು ಆ ಮುಕ್ತತೆ ಬೇಕೇ ಬೇಕು. ನೋಂದಣಿ ಕಚೇರಿಯ ದಪ್ಪ ಪುಸ್ತಕದಲ್ಲಿದ್ದಾಗ ಅದರಿಂದ ಅಪಾಯವಿರಲಿಲ್ಲ. ಸ್ಕ್ಯಾನ್ ಆಗಿ ಕಂಪ್ಯೂಟರಿಗೆ ಹೋದ ಮೇಲೆ ಕತೆ ಬೇರೆಯಾಯಿತು. ಸಾಲದ್ದಕ್ಕೆ, ವ್ಯವಹಾರ ಕುದುರಿಸಿದ ದೊಡ್ಡಪ್ಪನ ಮಗ ಪತ್ರದ ಅಷ್ಟೂ ಪುಟಗಳನ್ನು ದಲ್ಲಾಳಿಗಳ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ್ದ. ‘ಎಲ್ಲರೂ ಹಾಕ್ತಾರೆ ಚಿಕ್ಕಪ್ಪ’ ಎಂದ.

ಪತ್ರದಿಂದ ಬೆರಳಚ್ಚು ಕದಿಯುವುದು ಹೊಸ ವಿದ್ಯೆಯೂ ಅಲ್ಲ. 2018ರಲ್ಲೇ ತೆಲಂಗಾಣದಲ್ಲಿ ಸಿಮ್ ಮಾರುವವನೊಬ್ಬ ನೋಂದಣಿ ಇಲಾಖೆಯ ಜಾಲತಾಣದಿಂದ ಭೂಪತ್ರ ಇಳಿಸಿಕೊಂಡು, ಅದರ ಬೆರಳಚ್ಚುಗಳಿಂದ ರಬ್ಬರ್ ಅಚ್ಚು ಮಾಡಿ ಸಿಮ್ ಚಾಲೂ ಮಾಡುತ್ತಿದ್ದುದು ಪತ್ತೆಯಾಗಿತ್ತು. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದವರ ಖಾತೆಗಳಿಂದ ಇದೇ ಎಇಪಿಎಸ್ ಮೂಲಕ ಹಣ ಹೋದ ದೂರುಗಳು ಒಂದರ ಹಿಂದೊಂದು ಬಂದವು. ಅಷ್ಟಾದರೂ ಬ್ಯಾಂಕಿನ ಅಧಿಕಾರಿಯೊಬ್ಬರಿಗೆ ಓಟಿಪಿಯ ಆಚೆಗೆ ಏನೂ ಗೊತ್ತಿಲ್ಲ ಎಂದರೆ ಕ್ಷಮಿಸುವುದು ನನ್ನಿಂದ ಆಗದು.

ಅಪ್ಪನನ್ನು ಉಳಿಸಿದ್ದು ಒಂದು ಮುದ್ರಿತ ಹಾಳೆ. ಮೈಆಧಾರ್ ಜಾಲತಾಣಕ್ಕೆ ಹೋಗಿ ‘ದೃಢೀಕರಣ ಇತಿಹಾಸ’ ತೆಗೆದರೆ ಹಿಂದಿನ 6 ತಿಂಗಳಲ್ಲಿ ನಮ್ಮ ಆಧಾರ್ ಯಾವಾಗ, ಬೆರಳಚ್ಚಿನಿಂದಲೋ ಓಟಿಪಿಯಿಂದಲೋ ಬಳಕೆಯಾಯಿತು ಎಂಬುದು ಸಿಗುತ್ತದೆ. ಅಪ್ಪ ಬ್ಯಾಂಕಿನಲ್ಲಿ ಬೈಸಿಕೊಳ್ಳುತ್ತಿದ್ದ ಹೊತ್ತಿನಲ್ಲೇ ಅವರ ‘ಬೆರಳು’ ಬೇರೆಲ್ಲೋ ಒತ್ತಿತ್ತು! ಆ ಹಾಳೆಯ ಜೊತೆ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯನ್ನೂ ಅಪ್ಪ ಬ್ಯಾಂಕಿನ ಅರ್ಜಿಗೆ ಲಗತ್ತಿಸಿದರು. ತಪ್ಪು ಬ್ಯಾಂಕಿನದೂ ಗ್ರಾಹಕನದೂ ಅಲ್ಲದ ಮೋಸವನ್ನು 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನ ಹೊಣೆ ಶೂನ್ಯ, ಹೊಣೆ ಗ್ರಾಹಕನದೆಂದು ಸಾಬೀತು ಮಾಡಬೇಕಾದದ್ದು ಬ್ಯಾಂಕು ಎಂದು ಅದು ಹೇಳುತ್ತದೆ. 1930ಕ್ಕೆ ಕರೆ ಮಾಡಿ ಪಡೆದ ದೂರಿನ ಸಂಖ್ಯೆಯೂ ಜೊತೆಗಿತ್ತು. ಹಣ ಮರಳಿ ಬಂತು, ಕ್ಷಮೆಯ ಮಾತು ಬರಲಿಲ್ಲ.

ಅದೇ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕು ಎಂದು ಸಾರಿತು. ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆದರೆ ಜೆರಾಕ್ಸ್ ಅಂಗಡಿಯವರೆಗೆ ಆ ಹಕ್ಕು ಇನ್ನೂ ಇಳಿದಿಲ್ಲ. ಆಧಾರ್ ಜೆರಾಕ್ಸನ್ನು ಕಂಡಕಂಡವರಿಗೆ ಕೊಡಬೇಡಿ ಎಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ 2022ರ ಮೇ 27ರಂದು ಒಳ್ಳೆಯ ಸಲಹೆ ಹೊರಡಿಸಿತ್ತು. ತಪ್ಪು ತಿಳಿವಳಿಕೆಯಾದೀತೆಂದು ಎರಡೇ ದಿನಕ್ಕೆ ಅದನ್ನು ಹಿಂಪಡೆದರು.

ಮಾಡಬೇಕಾದ್ದು ಹೆಚ್ಚೇನಿಲ್ಲ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಇಳಿಸಿಕೊಂಡು ಅದನ್ನೇ ಕೊಡಿ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡಿ. ಎಲ್ಲಕ್ಕಿಂತ ಮೊದಲು ಮೈಆಧಾರ್ ಜಾಲತಾಣದಲ್ಲಿ ಬಯೋಮೆಟ್ರಿಕ್ ಲಾಕ್ ಹಾಕಿ, ಅದು ಉಚಿತ. ಲಾಕ್ ಹಾಕಿದ ಮೇಲೆ ಪಡಿತರ ಅಂಗಡಿಯಲ್ಲೂ ಹೆಬ್ಬೆಟ್ಟು ಒಪ್ಪುವುದಿಲ್ಲ ಎಂಬುದು ನೆನಪಿರಲಿ. ಪಿಂಚಣಿದಾರರು ನವೆಂಬರಿನಲ್ಲಿ ಜೀವನ ಪ್ರಮಾಣಪತ್ರಕ್ಕೆ ಬೆರಳೊತ್ತುವ ಮುನ್ನ ತಾತ್ಕಾಲಿಕವಾಗಿ ಬಿಚ್ಚಬೇಕು. ಬಿಚ್ಚಲು ಓಟಿಪಿ ಬರುವುದು ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಮಾತ್ರ, ಹಾಗಾಗಿ ಆ ನಂಬರ್ ಚಾಲ್ತಿಯಲ್ಲಿದೆಯೇ ಎಂದು ಅಕ್ಟೋಬರಿನಲ್ಲೇ ನೋಡಿಕೊಳ್ಳಿ.