ಪಾಸ್‌ಪೋರ್ಟ್ ಸಿಗದಿದ್ದರೆ ಯಾವ ಬಾಗಿಲು ತಟ್ಟಬೇಕು?

ಸೋಲಾಪುರ ಜಿಲ್ಲೆಯ ನಂದೇಶ್ವರದಿಂದಾಗಲಿ ಅಕ್ಕಲಕೋಟದಿಂದಾಗಲಿ ಹೊರದೇಶಕ್ಕೆ ಓದಲು, ದುಡಿಯಲು ಹೊರಟವರು ಮೊದಲು ಪಡೆಯಬೇಕಾದದ್ದು ಪಾಸ್‌ಪೋರ್ಟ್. ಅರ್ಜಿ ತಿರಸ್ಕೃತವಾದರೆ ಅಥವಾ ತಿಂಗಳುಗಟ್ಟಲೆ ಉತ್ತರವೇ ಬಾರದಿದ್ದರೆ ಅನೇಕರು ಏಜೆಂಟರ ಬೆನ್ನು ಹತ್ತುತ್ತಾರೆ. ಕಾನೂನಿನ ದಾರಿ ಇದೆ, ನಿಧಾನವಾಗಿ ತಿಳಿದುಕೊಳ್ಳೋಣ.

ಪಾಸ್‌ಪೋರ್ಟ್ ಸರ್ಕಾರ ಮನಸ್ಸು ಬಂದಾಗ ಕೊಡುವ ದಾನವಲ್ಲ. ವಿದೇಶ ಪ್ರಯಾಣವೂ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದು ಮೈಸೂರು ಹೈಕೋರ್ಟು 1965ರಲ್ಲೇ ಡಾ. ಸದಾಶಿವರಾವ್ ಪ್ರಕರಣದಲ್ಲಿ ಹೇಳಿತ್ತು. 1967ರಲ್ಲಿ ಸುಪ್ರೀಂ ಕೋರ್ಟು ಸತ್ವಂತ್ ಸಿಂಗ್ ಪ್ರಕರಣದಲ್ಲಿ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷ ಪಾಸ್‌ಪೋರ್ಟ್ ಕಾಯ್ದೆ ಬಂತು.

ಮೊದಲು ನೋಡಬೇಕಾದದ್ದು: ನಿಮಗಾದದ್ದು ನಿರಾಕರಣೆಯೋ, ವಿಳಂಬವೋ? ಎರಡಕ್ಕೂ ದಾರಿ ಬೇರೆ.

ನಿರಾಕರಣೆಯಾದರೆ ಕಾರಣವನ್ನು ಲಿಖಿತವಾಗಿ ಕೇಳಿ. ದೇಶದ ಭದ್ರತೆಯಂಥ ಕೆಲವು ಸಂದರ್ಭಗಳನ್ನು ಬಿಟ್ಟರೆ, ಕಾಯ್ದೆಯ 5(3)ನೇ ಕಲಮಿನಂತೆ ಕೇಳಿದವರಿಗೆ ಕಾರಣದ ಪ್ರತಿ ಕೊಡಲೇಬೇಕು. ಅದು ಕೈಗೆ ಬಂದರೆ 11ನೇ ಕಲಮಿನಡಿ ಮೇಲ್ಮನವಿ ಹಾಕಬಹುದು. ಅವಧಿ 30 ದಿನ. ಆದೇಶ ತಲುಪಿದ ತಾರೀಖನ್ನು ಅಂದೇ ಬರೆದಿಟ್ಟುಕೊಳ್ಳಿ. ಕ್ರಿಮಿನಲ್ ಪ್ರಕರಣ ಬಾಕಿಯಿದೆ ಎಂಬುದೇ ಕಾರಣವಾಗಿದ್ದರೂ ಕೈಚೆಲ್ಲಬೇಕಿಲ್ಲ. ವಿಚಾರಣೆ ನಡೆಸುತ್ತಿರುವ ಕೋರ್ಟಿನಿಂದ ವಿದೇಶಕ್ಕೆ ಹೋಗಲು ಅನುಮತಿ ಪಡೆದರೆ, 1993ರ ಅಧಿಸೂಚನೆಯಂತೆ ಸೀಮಿತ ಅವಧಿಯ ಪಾಸ್‌ಪೋರ್ಟ್ ಸಿಗುತ್ತದೆ.

ವಿಳಂಬವಾದರೆ ಮೊದಲು ಕಡತ ಎಲ್ಲಿ ನಿಂತಿದೆ ಎಂದು ಪತ್ತೆಹಚ್ಚಿ. ಪೊಲೀಸ್ ವರದಿ ಬಂದಿಲ್ಲವೇ? ಕನ್ನಡ ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಮರಾಠಿ ಕಾಗದದಲ್ಲಿ ಇನ್ನೊಂದು ಹೆಸರು ಇದೆಯೇ? ಹೆಸರಿನ ತೊಡಕನ್ನು ದಾಖಲೆ ತಿದ್ದಿಸಿಯೇ ಬಗೆಹರಿಸಬೇಕು, ಅದಕ್ಕೆ ಕೋರ್ಟು ಬೇಕಾಗದು. ಮಾಹಿತಿ ಹಕ್ಕಿನಡಿ ಕೇಳಿದರೆ ಸಾಮಾನ್ಯವಾಗಿ 30 ದಿನದಲ್ಲಿ ಉತ್ತರ ಬರಬೇಕು. ಲಿಖಿತ ಮನವಿಗೂ ಕಚೇರಿ ಅಲುಗಾಡದಿದ್ದರೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದು.

ಇಲ್ಲೊಂದು ಮಾತು ಸ್ಪಷ್ಟವಾಗಿರಲಿ. ಇಂಥ ರಿಟ್‌ನಲ್ಲಿ ಹೈಕೋರ್ಟು ಸಾಮಾನ್ಯವಾಗಿ "ಇಷ್ಟು ದಿನದೊಳಗೆ ತೀರ್ಮಾನಿಸಿ" ಎಂದು ಕಚೇರಿಗೆ ಆದೇಶಿಸುತ್ತದೆ. ತೀರ್ಮಾನ ನಿಮ್ಮ ಪರವಾಗಿಯೇ ಬರುತ್ತದೆಂಬ ಭರವಸೆ ಅದರಲ್ಲಿಲ್ಲ.

2025ರ ಆಗಸ್ಟ್ 18ರಿಂದ ಬಾಂಬೆ ಹೈಕೋರ್ಟಿನ ಸರ್ಕಿಟ್ ಬೆಂಚ್ ಕೊಲ್ಹಾಪುರದಲ್ಲಿ ನಡೆಯುತ್ತಿದೆ. ಸೋಲಾಪುರ ಜಿಲ್ಲೆಯೂ ಅದರ ವ್ಯಾಪ್ತಿಯಲ್ಲಿದೆ. ಆದರೆ ಪಾಸ್‌ಪೋರ್ಟ್ ಕಚೇರಿ ಇರುವುದು ಪುಣೆಯಲ್ಲಿ. ಹಾಗಾಗಿ ಅರ್ಜಿ ಎಲ್ಲಿ ಹಾಕಬೇಕೆಂದು ವಕೀಲರನ್ನು ಕೇಳಿಯೇ ನಿಶ್ಚಯಿಸಿ. ಫೀಸು ಭಾರವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಕೇಳುವ ಹಕ್ಕಿದೆ.

ವೀಸಾ ಸಂಗತಿಯೇ ಬೇರೆ. ಅದನ್ನು ಕೊಡುವುದು ಇನ್ನೊಂದು ದೇಶ; ನಮ್ಮ ಕೋರ್ಟು ಅವರಿಗೆ ಆದೇಶ ಕೊಡಲಾರದು. ಕೆನಡಾದ ವೀಸಾ ಆ ದೇಶದ ಹೊರಗೆ ತಿರಸ್ಕೃತವಾದರೆ ಅಲ್ಲಿನ ಫೆಡರಲ್ ಕೋರ್ಟಿಗೆ ಹೋಗಲು 60 ದಿನವಿದೆ. ಅಮೆರಿಕದಲ್ಲಿ ವಿಳಂಬದ ವಿರುದ್ಧ ಅಲ್ಲಿನ ಫೆಡರಲ್ ಕೋರ್ಟಿಗೆ ಹೋಗುವವರುಂಟು. ಆದರೆ ದೂತಾವಾಸ ವೀಸಾ ನಿರಾಕರಿಸಿದರೆ ಕೋರ್ಟುಗಳು ಬಹುಮಟ್ಟಿಗೆ ಕೈಹಾಕುವುದಿಲ್ಲ. ಅಲ್ಲಿನ ಸುಪ್ರೀಂ ಕೋರ್ಟಿನ 2024ರ ಮುನ್ಯೋಜ್ ತೀರ್ಪು ಇದನ್ನು ಮತ್ತೆ ಗಟ್ಟಿಮಾಡಿತು.

ಅರ್ಜಿ, ರಸೀದಿ, ಪ್ರತಿ ಪತ್ರವನ್ನೂ ತಾರೀಖಿನ ಪ್ರಕಾರ ಜೋಡಿಸಿಡಿ. ಏಜೆಂಟರಿಗೆ ಹಣ ಕೊಡುವ ಮೊದಲು ಕಾರಣವನ್ನು ಕಾಗದದ ಮೇಲೆ ಕೇಳಿ ಪಡೆಯಿರಿ. ಮೇಲ್ಮನವಿಯಾಗಲಿ ರಿಟ್ ಆಗಲಿ, ವಕೀಲರ ಕೆಲಸ ಆ ಕಾಗದದಿಂದಲೇ ಶುರುವಾಗುತ್ತದೆ.